ಬೇಸ್‌ಮೆಂಟ್‌ನಲ್ಲಿ ಸಸಿ ಹಳದಿಯಾದರೆ ಮೊದಲು ಗೊಬ್ಬರ ಬೇಡ

ಮೇಡಂ, ನಿಮ್ಮ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಶಿಕಾಗೋ ಕಡೆ ಮನೆ, ಮಾರ್ಚ್ ಮಧ್ಯದಲ್ಲಿ ಬಿತ್ತಿದ್ದು, ಬೇಸ್‌ಮೆಂಟ್ ನೆಲದ ಮೇಲೆ ಟ್ರೇ, ಎರಡು ಅಡಿ ಮೇಲೆ ಎಲ್‌ಇಡಿ ಶಾಪ್ ಲೈಟ್, ದಿನಕ್ಕೆ 12 ಗಂಟೆ ಬೆಳಕು, ಕಪ್‌ಗಳಲ್ಲಿ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಿನಾ ಬೆಳಿಗ್ಗೆ ನೀರು ಅಂತ ಬರೆದಿದ್ದೀರಿ. ಟೊಮ್ಯಾಟೊ ಉದ್ದಕ್ಕೆ ಬೆಳೆದು ಮಲಗಿದೆ, ಬದನೆಯಲ್ಲಿ ಕೆಲವು ಬುಡದಲ್ಲೇ ಬಿದ್ದಿವೆ, ಬ್ಯಾಡಗಿ ಮೆಣಸಿನ ಸಸಿ ಹಳದಿಯಾಗಿ ಎಲೆ ಕೆಳಗಡೆ ನೇರಳೆ ಬಣ್ಣಕ್ಕೆ ತಿರುಗಿದೆ. ಜೊತೆಗೆ ಸಣ್ಣ ಕಪ್ಪು ನೊಣ. ಯಾವ ಗೊಬ್ಬರ ಹಾಕಲಿ ಅನ್ನೋದು ನಿಮ್ಮ ಪ್ರಶ್ನೆ.

ಈ ವಾರ ಯಾವುದನ್ನೂ ಹಾಕಬೇಡಿ.

ನಿಮ್ಮ ಪ್ರಶ್ನೆಗೆ ಈಗಾಗಲೇ ಉತ್ತರ ಕೊಟ್ಟವರಲ್ಲಿ ಒಬ್ಬರು ಫಿಶ್ ಎಮಲ್ಷನ್ (ಮೀನಿನಿಂದ ಮಾಡಿದ ದ್ರವ ಗೊಬ್ಬರ) ಅಂದಿದ್ದಾರೆ, ಒಬ್ಬರು ಮಜ್ಜಿಗೆ, ಇನ್ನೊಬ್ಬರು ಬೂದಿ. ಎಲ್ಲರೂ ಒಳ್ಳೆಯದಕ್ಕೇ ಹೇಳಿದ್ದಾರೆ. ಆದರೆ ನಿಮ್ಮ ಸಸಿಗಳ ಮುಖ್ಯ ತೊಂದರೆ ಹಸಿವಲ್ಲ, ಚಳಿ ಮತ್ತು ನೀರು. ಬೇರು ತಣ್ಣಗೆ, ಒದ್ದೆಯಾಗಿ ಕೂತಿರುವಾಗ ಏನು ಹಾಕಿದರೂ ಅದು ಎಳೆದುಕೊಳ್ಳುವುದಿಲ್ಲ. ಹಾಕಿದ ಉಪ್ಪೆಲ್ಲ ಕಪ್‌ನಲ್ಲೇ ಉಳಿದು ಇನ್ನೊಂದು ತಲೆನೋವು ಶುರುವಾಗುತ್ತದೆ.

ಮೊದಲು ಒಂದು ಕೆಲಸ ಮಾಡಿ. ಅಡುಗೆಮನೆಯಲ್ಲಿ ಮಾಂಸ ಬೆಂದಿದೆಯಾ ನೋಡುವ ಥರ್ಮಾಮೀಟರ್ ಇದ್ದರೆ ತೊಳೆದು ಒಂದು ಕಪ್‌ನ ಮಧ್ಯಕ್ಕೆ ಚುಚ್ಚಿ. ಬೇಸ್‌ಮೆಂಟ್ ಗೋಡೆಯ ಮೀಟರ್ 66 ಡಿಗ್ರಿ ಫ್ಯಾರನ್‌ಹೀಟ್ (ಮುಂದಿನ ಡಿಗ್ರಿಗಳೂ ಇದೇ ಲೆಕ್ಕದಲ್ಲಿ) ತೋರಿಸಬಹುದು. ಕಪ್‌ನ ಒಳಗೆ ಅಷ್ಟು ಇರುವುದಿಲ್ಲ. ಒದ್ದೆ ಕೋಕೋಪೀಟ್‌ನಿಂದ ನೀರು ಆವಿಯಾಗುತ್ತಾ ಇರುತ್ತದೆ, ಕೆಳಗಿನ ಕಾಂಕ್ರೀಟ್ ಬೇರೆ ಶಾಖ ಎಳೆಯುತ್ತದೆ. 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 15-16 ಸೆಲ್ಸಿಯಸ್ ಬಂದರೆ ಆಶ್ಚರ್ಯ ಇಲ್ಲ. ಆ ಚಳಿಯಲ್ಲಿ ಮೆಣಸು, ಬದನೆ, ಟೊಮ್ಯಾಟೊ ಮೂರೂ ರಂಜಕ (ಫಾಸ್ಫರಸ್) ಸರಿಯಾಗಿ ಹೀರುವುದಿಲ್ಲ. ಎಲೆ ಕೆಳಗೆ ನೇರಳೆ ಬಣ್ಣ ಬರೋದು ಹಾಗೆ. ರಂಜಕದ ಗೊಬ್ಬರ ಸುರಿದರೆ ಅದು ಹೋಗುವುದಿಲ್ಲ, ಬೆಚ್ಚಗಾದರೆ ಹೋಗುತ್ತದೆ. ಅಂದ ಹಾಗೆ, ಟೊಮ್ಯಾಟೊ ಕಾಂಡ ಒಂಚೂರು ನೇರಳೆ ಇದ್ದರೆ ಅದನ್ನು ಲೆಕ್ಕಕ್ಕೆ ತಗೋಬೇಡಿ, ಎಷ್ಟೋ ತಳಿಗಳಲ್ಲಿ ಅದು ಸಹಜ.

ಹಾಗಾಗಿ ಇವತ್ತೇ ಟ್ರೇಗಳನ್ನು ನೆಲದಿಂದ ಎತ್ತಿ ಮೇಜಿನ ಮೇಲೆ ಇಡಿ. ಮೇಜು ಇಲ್ಲದಿದ್ದರೆ ದಪ್ಪ ಥರ್ಮೋಕೋಲ್ ಹಲಗೆ, ರಟ್ಟಿನ ಡಬ್ಬ, ಏನಾದರೂ ಸರಿ. ಹೀಟ್ ಮ್ಯಾಟ್ (ಟ್ರೇ ಬೆಚ್ಚಗಿಡುವ ಕರೆಂಟಿನ ಚಾಪೆ) ಇದ್ದರೆ ಮೆಣಸು ಮತ್ತು ಬದನೆ ಕೆಳಗೆ ಹಾಕಿ. ಮೊಳಕೆ ಬರುವಾಗ 80-85 ಡಿಗ್ರಿ ಬೇಕಿತ್ತು, ಈಗ ಅಷ್ಟು ಬೇಡ, ಕಪ್ ಒಳಗೆ 70 ಇದ್ದರೆ ಸಾಕು. ಥರ್ಮೋಸ್ಟ್ಯಾಟ್ ಇದ್ದರೆ ಅದರ ಕಡ್ಡಿ ಗಾಳಿಯಲ್ಲಿ ನೇತಾಡಬಾರದು, ಕೋಕೋಪೀಟ್ ಒಳಗೆ ಇರಬೇಕು.

ಇನ್ನು ನೀರು. ಕೋಕೋಪೀಟ್ ಇಲ್ಲಿ ಎಲ್ಲರನ್ನೂ ಏಮಾರಿಸುತ್ತದೆ. ಮೇಲ್ಗಡೆ ತಿಳಿ ಕಂದು ಬಣ್ಣಕ್ಕೆ ತಿರುಗಿ ಒಣಗಿದ ಹಾಗೆ ಕಾಣುತ್ತದೆ, ನಾವು ಪಾಪ ಅಂತ ನೀರು ಹಾಕುತ್ತೇವೆ. ಕೆಳಗಿನ ಅರ್ಧ ಇನ್ನೂ ಹಿಂಡಿದರೆ ಸೋರುವಷ್ಟು ಒದ್ದೆ ಇರುತ್ತದೆ. ಕಣ್ಣನ್ನು ನಂಬಬೇಡಿ, ಕೈಯನ್ನು ನಂಬಿ. ಸಸಿ ಇಲ್ಲದ ಒಂದು ಕಪ್‌ಗೆ ಒಣ ಕೋಕೋಪೀಟ್ ತುಂಬಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಸಸಿಯ ಕಪ್ ಎತ್ತಿದಾಗ ಹೆಚ್ಚುಕಡಿಮೆ ಅದರ ಹತ್ತಿರಕ್ಕೆ ಹಗುರ ಆದಾಗ ಮಾತ್ರ ನೀರು. ನೀರನ್ನೂ ಮೇಲಿಂದ ಹುಯ್ಯಬೇಡಿ. ಟ್ರೇಗೆ ಅರ್ಧ ಇಂಚು ಹಾಕಿ, 20 ನಿಮಿಷ ಬಿಟ್ಟು, ಉಳಿದದ್ದನ್ನು ಚೆಲ್ಲಿ. ನಲ್ಲಿಯ ತಣ್ಣನೆ ನೀರು ನೇರವಾಗಿ ಬೇಡ, ರೂಮಿನ ಹದಕ್ಕೆ ಬರಲಿ.

ಒಂದು ವಿಷಯ ನೀವು ಬರೆದಿಲ್ಲ: ಮನೆಯಲ್ಲಿ ವಾಟರ್ ಸಾಫ್ಟನರ್ ಇದೆಯಾ? ಆ ಕಡೆ ಬಾವಿ ನೀರಿನ ಊರುಗಳಲ್ಲಿ ಸುಮಾರು ಮನೆಗಳಲ್ಲಿ ಇರುತ್ತದೆ. ಉಪ್ಪು ಹಾಕುವ ಸಾಫ್ಟನರ್ ಗಡಸು ನೀರಿನ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ನಮ್ಮ ಸ್ನಾನಕ್ಕೆ ಚೆನ್ನ, ಸಸಿಗೆ ಆಗದು. ಕೋಕೋಪೀಟ್‌ಗಂತೂ ಇನ್ನೂ ಕಷ್ಟ, ಯಾಕಂದರೆ ಸರಿಯಾಗಿ ತೊಳೆಯದ ಕೋಕೋಪೀಟ್ ಇಟ್ಟಿಗೆಯಲ್ಲಿ ಮೊದಲೇ ಉಪ್ಪಿರುತ್ತದೆ. ಹೊರಗೆ ಹೋಸ್ ಹಾಕುವ ನಲ್ಲಿಯ ನೀರು ಸಾಮಾನ್ಯವಾಗಿ ಸಾಫ್ಟನರ್ ದಾಟಿ ಬರುವುದಿಲ್ಲ, ಅಲ್ಲಿಂದ ಹಿಡಿಯಿರಿ. ಕ್ಲೋರಿನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ನಲ್ಲಿ ನೀರಿನಲ್ಲಿ ಇರುವಷ್ಟರಿಂದ ಸಸಿ ಸಾಯುವುದಿಲ್ಲ.

ಬದನೆ ಬಿದ್ದಿರೋದು ಬೇರೆ ಕಥೆ. ನಿಮ್ಮ ಮೂರನೇ ಫೋಟೋದಲ್ಲಿ ಕಾಂಡ ಮಣ್ಣಿಗೆ ತಾಗುವ ಜಾಗ ನೋಡಿ. ಮೇಲೆ ಎಲೆ ಇನ್ನೂ ಹಸಿರಾಗಿದೆ, ಆದರೆ ಆ ಕಾಲಿಂಚು ಜಾಗ ನೀರು ಕುಡಿದ ಹಾಗೆ ಕಪ್ಪಾಗಿ, ಹೊಲಿಗೆ ದಾರದಷ್ಟು ಸಣ್ಣಗಾಗಿದೆ. ಇದು ಸಸಿ ಕೊಳೆ ರೋಗ. ರೈಜೋಕ್ಟೋನಿಯಾದಂಥ ಶಿಲೀಂಧ್ರ, ಶಿಲೀಂಧ್ರದ ಹಾಗೇ ಇರುವ ಪಿಥಿಯಂ, ಇವುಗಳ ಕೆಲಸ. ಊರಲ್ಲಿ ಸಸಿ ಮಡಿಯನ್ನು ನೆಲದಿಂದ ಎತ್ತರಕ್ಕೆ ಮಾಡೋದು, ಒತ್ತೊತ್ತಾಗಿ ಬಿತ್ತಬೇಡಿ ಅನ್ನೋದು ಇದೇ ಕಾರಣಕ್ಕೆ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಕಡ್ಡಿ ಕಟ್ಟಿ ನಿಲ್ಲಿಸಬೇಡಿ, ಕಪ್ ಸಮೇತ ಹೊರಗೆ ಹಾಕಿ. ಆ ಕೋಕೋಪೀಟ್ ಮತ್ತೆ ಬಳಸಬೇಡಿ, ಕಪ್ ಬೇಕಿದ್ದರೆ ಬ್ಲೀಚ್ ನೀರಲ್ಲಿ ತೊಳೆದುಕೊಳ್ಳಿ, ಒಂದು ಪಾಲಿಗೆ ಒಂಬತ್ತು ಪಾಲು ನೀರು. ಟ್ರೇ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಇನ್ನೂ ಇದೆ ಅಂತ ಕಾಣುತ್ತದೆ. ಮೊಳಕೆ ಬಂದ ಮೇಲೆ ಅದಕ್ಕೆ ಕೆಲಸ ಇಲ್ಲ, ತೆಗೆಯಿರಿ. ಸಣ್ಣ ಫ್ಯಾನ್ ಇಟ್ಟು ಎಲೆ ಅಲ್ಲಾಡುವಷ್ಟು ಗಾಳಿ ಆಡಿಸಿ. ಯೂಟ್ಯೂಬ್‌ನಲ್ಲಿ ಚಕ್ಕೆ ಪುಡಿ ಉದುರಿಸೋದನ್ನು ತೋರಿಸುತ್ತಾರೆ. ನನ್ನ ಕೇಳಿದರೆ ಚಕ್ಕೆಯನ್ನು ಪಲಾವ್‌ಗೆ ಇಟ್ಟುಕೊಳ್ಳಿ.

ಕಪ್ಪು ನೊಣಗಳು ಫಂಗಸ್ ನ್ಯಾಟ್. ಹಾರಾಡುವವು ಸುಮ್ನೆ ಕಿರಿಕಿರಿ ಅಷ್ಟೇ, ಅವುಗಳ ಮರಿ ಹುಳು ಒದ್ದೆ ಕೋಕೋಪೀಟ್‌ನಲ್ಲಿ ಎಳೆ ಬೇರು ಕಚ್ಚುತ್ತದೆ. ಹಳದಿ ಅಂಟು ಕಾರ್ಡ್ ಚುಚ್ಚಿ. ಸೊಳ್ಳೆ ಮರಿಗೆ ಹಾಕುವ ಬಿಟಿಐ (ಮರಿ ಹುಳು ಕೊಲ್ಲುವ ಒಂದು ಬ್ಯಾಕ್ಟೀರಿಯಾ) ಉಂಡೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದರ ಒಂದು ಚೂರನ್ನು ರಾತ್ರಿ ನೀರಲ್ಲಿ ನೆನೆಸಿ, ಸಸಿಗೆ ನೀರು ಬೇಕಾದ ದಿನ ಆ ನೀರನ್ನೇ ಕೊಡಿ. ಕಪ್‌ಗಳನ್ನು ಒಣಗಲು ಬಿಟ್ಟರೆ ಅರ್ಧ ಕಾಟ ತಾನಾಗೇ ಹೋಗುತ್ತದೆ.

ಮಜ್ಜಿಗೆ, ಬೂದಿ ಮಾತಿಗೆ ಬರೋಣ. ಊರಿನ ತೋಟದಲ್ಲಿ ಹುಳಿ ಮಜ್ಜಿಗೆ ಸಿಂಪಡಿಸುತ್ತಾರೆ, ನಿಜ. ಅಲ್ಲಿ ಬಿಸಿಲಿದೆ, ಗಾಳಿ ಇದೆ, ಮಣ್ಣಿದೆ. ನಿಮ್ಮ ಬೇಸ್‌ಮೆಂಟಿನ ಮೂರು ಇಂಚಿನ ಕಪ್‌ನಲ್ಲಿ ಅದು ಬೂಷ್ಟು ಹಿಡಿದು ನಾರುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಇದೆ, ಜೊತೆಗೆ ಸುಣ್ಣದ ಗುಣವೂ ಇದೆ. ಅಷ್ಟು ಸಣ್ಣ ಕಪ್‌ನಲ್ಲಿ ಪಿಹೆಚ್ ಏರಿ, ಕಬ್ಬಿಣ ಸಿಗದೆ ಹೊಸ ಎಲೆಗಳು ಇನ್ನೂ ಹಳದಿಯಾಗುತ್ತವೆ. ಫಿಶ್ ಎಮಲ್ಷನ್ ಕೆಟ್ಟದ್ದಲ್ಲ, ಆದರೆ ಬೇಸ್‌ಮೆಂಟ್‌ನಲ್ಲಿ ಒಂದು ಸಲ ಹಾಕಿದರೆ ಆಮೇಲೆ ಮನೆಯವರು ನಿಮ್ಮ ಜೊತೆ ಮಾತು ಬಿಡುತ್ತಾರೆ.

ಟೊಮ್ಯಾಟೊ ಉದ್ದ ಆಗಿರೋದು ಬೆಳಕು ಸಾಲದೆ. ಶಾಪ್ ಲೈಟ್ ಎರಡು ಅಡಿ ಮೇಲಿದ್ದರೆ ನಮ್ಮ ಕಣ್ಣಿಗೆ ಝಗಝಗ, ಸಸಿಗೆ ಮುಸ್ಸಂಜೆ. ಸರಪಳಿ ಇಳಿಸಿ ಎಲೆಯಿಂದ 4-6 ಇಂಚು ಎತ್ತರಕ್ಕೆ ತನ್ನಿ, ಟೈಮರ್ 16 ಗಂಟೆಗೆ ಇಡಿ. ರಾತ್ರಿ ಕತ್ತಲೆ ಬೇಕು, 24 ಗಂಟೆ ಉರಿಸಬೇಡಿ. ಫೋನ್‌ನಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿ ಎಲೆ ಮಟ್ಟದಲ್ಲಿ ಅಳೆದರೆ ಬಿಳಿ ಎಲ್‌ಇಡಿಗೆ ಸುಮಾರು 13-14 ಸಾವಿರ ಲಕ್ಸ್ ಬರಬೇಕು. ಫೋನ್ ಲೆಕ್ಕ ಪಕ್ಕಾ ಅಲ್ಲ, ಆದರೆ ಮೂರು ಸಾವಿರವೋ ಹದಿಮೂರು ಸಾವಿರವೋ ಅನ್ನೋದು ಗೊತ್ತಾಗುತ್ತದೆ. ಗುಲಾಬಿ ಬಣ್ಣದ ಗ್ರೋ ಲೈಟ್‌ಗೆ ದುಡ್ಡು ಹಾಕಬೇಡಿ. ಬಿಳಿ ಬೆಳಕು ಸಾಕು, ಎಲೆಯ ನಿಜವಾದ ಬಣ್ಣವೂ ಕಾಣುತ್ತದೆ. ಎಲೆ ಅಂಚು ಮೇಲಕ್ಕೆ ಮಡಚಿಕೊಂಡು ಮೇಲ್ಭಾಗ ಬಿಳಿಚಿದರೆ ಒಂದೆರಡು ಇಂಚು ಏರಿಸಿ.

ಮಲಗಿದ ಟೊಮ್ಯಾಟೊ ಉಳಿಯುತ್ತದೆ. ದೊಡ್ಡ ಕಪ್‌ಗೆ ಬದಲಿಸುವಾಗ ಬೀಜದೆಲೆ ತನಕ ಹೂತುಬಿಡಿ, ಹೂತ ಕಾಂಡದಿಂದ ಬೇರು ಬರುತ್ತದೆ. ಬದನೆಗೆ, ಮೆಣಸಿಗೆ ಹಾಗೆ ಮಾಡಬೇಡಿ, ಮೊದಲಿದ್ದ ಆಳಕ್ಕೇ ನೆಡಿ. ಟೊಮ್ಯಾಟೊ ಹೋದರೂ ಚಿಂತೆ ಇಲ್ಲ, ಈಗ ಏಪ್ರಿಲ್ ಎರಡನೇ ವಾರ, ಮತ್ತೆ ಬಿತ್ತಿದರೂ ಮೇ ಕೊನೆಗೆ ನೆಡಲು ಬರುತ್ತದೆ. ಬದನೆ ಗಿಡ ನರ್ಸರಿಯಲ್ಲಿ ಸಿಗುತ್ತದೆ. ಬ್ಯಾಡಗಿ ಮಾತ್ರ ಅಲ್ಲಿ ಸಿಗುವುದಿಲ್ಲ ಅಲ್ವಾ? ಹಾಗಾಗಿ ನಿಮ್ಮ ಶ್ರಮವೆಲ್ಲ ಆ ಮೆಣಸಿನ ಟ್ರೇಗೇ ಇರಲಿ. ಕೆಂಪಗೆ ಹಣ್ಣಾಗಲು ಅದಕ್ಕೆ ಜಾಸ್ತಿ ದಿನ ಬೇಕು. ಮುಂದಿನ ವರ್ಷ ಫೆಬ್ರುವರಿಯಲ್ಲೇ ಬಿತ್ತಿ. ಈ ವರ್ಷದ್ದನ್ನು ಕುಂಡದಲ್ಲೇ ಬೆಳೆಸಿ, ಸೆಪ್ಟೆಂಬರ್ ಕೊನೆಗೆ ಮನೆಯೊಳಗೆ ತಂದರೆ ಒಗ್ಗರಣೆಗೆ ನಾಲ್ಕು ಕೆಂಪು ಕಾಯಿಯಾದರೂ ಸಿಗುತ್ತದೆ. ಹೊರಗಿಡೋದು ರಾತ್ರಿ 55 ಡಿಗ್ರಿಗಿಂತ ಕೆಳಗೆ ಇಳಿಯೋದು ನಿಂತ ಮೇಲೆ, ಅದೂ ವಾರ ಹತ್ತು ದಿನ ನೆರಳಿನಿಂದ ಬಿಸಿಲಿಗೆ ನಿಧಾನವಾಗಿ ಒಗ್ಗಿಸಿ.

ಗೊಬ್ಬರ ಯಾವಾಗ ಅಂದರೆ, ಬೆಚ್ಚಗಿಟ್ಟು, ನೀರು ಕಡಿಮೆ ಮಾಡಿದ ಮೇಲೆ ನಡುವೆ ಒಂದು ಹೊಸ ಎಲೆ ಹಸಿರಾಗಿ ಬಿಚ್ಚಿಕೊಂಡಾಗ. ಕೋಕೋಪೀಟ್‌ನಲ್ಲಿ ಆಹಾರ ಏನೂ ಇಲ್ಲದ್ದರಿಂದ ಆಗ ಕೊಡಲೇಬೇಕು. ನೀರಲ್ಲಿ ಕರಗುವ ಯಾವುದೇ ತರಕಾರಿ ಗೊಬ್ಬರ, ಪ್ಯಾಕೆಟ್ ಮೇಲೆ ಬರೆದದ್ದರ ಕಾಲು ಭಾಗ, ವಾರಕ್ಕೊಮ್ಮೆ. ಕೋಕೋಪೀಟ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಆ ಎರಡೂ ಇರುವ ಗೊಬ್ಬರ ನೋಡಿ ತಗೊಳ್ಳಿ. ಈಗ ಹಳದಿಯಾಗಿರುವ ಎಲೆ ಪೂರ್ತಿ ಹಸಿರಾಗದೆ ಇರಬಹುದು. ತೀರಾ ಕೆಳಗಿನ ಬೀಜದೆಲೆ ಉದುರಿದರೆ ಅದು ರೋಗವಲ್ಲ.

ಇವತ್ತು ಸಂಜೆ ತೀರಾ ಸೊರಗಿದ ಒಂದು ಮೆಣಸಿನ ಸಸಿ ಕಿತ್ತು, ಬೇರನ್ನು ನೀರಲ್ಲಿ ಅಲ್ಲಾಡಿಸಿ, ಬಿಳಿ ತಟ್ಟೆ ಮೇಲೆ ಇಟ್ಟು ಫೋಟೋ ಹಾಕಿ. ಬೇರು ಬಿಳಿ ಇದ್ದರೆ ಮೇಲೆ ಹೇಳಿದ್ದು ಸಾಕು. ಕಂದಾಗಿದ್ದು, ಬೆರಳಲ್ಲಿ ಎಳೆದಾಗ ಸಿಪ್ಪೆ ಜಾರಿ ಒಳಗಿನ ನರ ಮಾತ್ರ ಉಳಿದರೆ ಬೇರು ಕೊಳೆತಿದೆ. ಆಗ ಉಳಿದ ಸಸಿಗಳನ್ನು ಹೊಸ ಮಿಶ್ರಣಕ್ಕೆ ಬದಲಿಸೋದು ಹೇಗೆ ಅಂತ ಬರೆಯುತ್ತೇನೆ. ಕಪ್ ಒಳಗಿನ ಡಿಗ್ರಿ ಎಷ್ಟು ಬಂತು, ಸಾಫ್ಟನರ್ ಇದೆಯಾ ಇಲ್ಲವಾ, ಅದನ್ನೂ ಹೇಳಿ.