ಸ್ಯಾಟಲೈಟಿನ ಹೀಟ್ ಪೈಪಿಗೆ ಪಂಪ್ ಯಾಕ ಬ್ಯಾಡ?

ನೀವು ಕೇಳಿದ್ದು ಎರಡು: ಬಾಹ್ಯಾಕಾಶ ಅಷ್ಟು ತಣ್ಣಗಿದ್ರೂ ಸ್ಯಾಟಲೈಟಿಗೆ ಕೂಲಿಂಗ್ ಯಾಕ ಬೇಕು, ಮತ್ತ ಪಂಪ್ ಇಲ್ಲ, ಗ್ರ್ಯಾವಿಟಿ ಎಳೆತಾನೂ ತಟ್ಟಂಗಿಲ್ಲ ಅಂದ್ಮ್ಯಾಲ ಹೀಟ್ ಪೈಪಿನ (ಶಾಖ ಸಾಗಿಸೂ ನಳಿಗಿ) ದ್ರವ ವಾಪಸ್ ಹೆಂಗ ಬರತೈತಿ. ನಾನು ಪುಣೆ ಭೋಸರಿ ಎಂಐಡಿಸಿ ಇಂಡಸ್ಟ್ರಿಯಲ್ ಏರಿಯಾದೊಳಗ ಎಲೆಕ್ಟ್ರಿಕಲ್ ಪ್ಯಾನೆಲ್‌ಗಳಿಗೆ ಹೀಟ್ ಪೈಪ್ ಕೂಲರ್ ಡಿಸೈನ್ ಮಾಡ್ತೀನ್ರಿ, ಸ್ಯಾಟಲೈಟ್ ನಮ್ಮ ಲೈನ್ ಅಲ್ಲ, ಆದ್ರ ಪೈಪಿನ ಕೆಲಸ ಎರಡೂ ಕಡೆ ಒಂದ.

ಮೊದಲನೇದು ಲಗೂನ ಹೇಳಿಬಿಡ್ತೀನಿ. ಅಲ್ಲಿ ಗಾಳಿ ಇಲ್ಲ, ಫ್ಯಾನ್ ಹಚ್ಚಿ ಏನೂ ಉಪಯೋಗಿಲ್ಲ, ಶಾಖ ಹೊರಗ ಹೋಗೂದು ರೇಡಿಯೇಶನ್ ಆಗಿ ಅಷ್ಟ. 36,000 ಕಿಮೀ ಮ್ಯಾಲಿನ ಟಿವಿ ಸ್ಯಾಟಲೈಟಿನ ಉತ್ತರ-ದಕ್ಷಿಣ ಮಗ್ಗಲಿಗೆ ಬಿಸಿಲು ಓರೆಯಾಗಿ ಬೀಳತೈತಿ, ಹಂಗಾಗಿ ಆ ಎರಡು ಪ್ಯಾನೆಲ್‌ನ ಶಾಖ ಹೊರಗ ಬಿಡೂ ರೇಡಿಯೇಟರ್ ಮಾಡ್ತಾರ. ಆದ್ರ ಸಿಗ್ನಲ್ ಜೋರು ಮಾಡೂ ಆಂಪ್ಲಿಫೈಯರ್ ಕುಂತ ಜಾಗ ಅಷ್ಟ ಕಾದು ಉಳಿದ ಪ್ಯಾನೆಲ್ ತಣ್ಣಗಿದ್ರ ಏನು ಬಂತು? ಆ ಶಾಖ ಇಡೀ ಪ್ಯಾನೆಲ್ಲಿಗೆ ಹಂಚಾಕ ಅದರ ಹೊಟ್ಟ್ಯಾಗ ಹೀಟ್ ಪೈಪ್ ಹುಗಿದಿರ್ತಾರ.

ಪೈಪ್ ಅಂದ್ರ ಎರಡೂ ಬಾಯಿ ಮುಚ್ಚಿದ ಅಲ್ಯುಮಿನಿಯಂ ನಳಿಗಿ, ಒಳಗಿನ ಗ್ವಾಡಿ ತುಂಬ ಉದ್ದಕ್ಕ ಸಣ್ಣ ಸಣ್ಣ ಗೀರು, ಒಂದೀಟು ಅಮೋನಿಯಾ. ಬಿಸಿ ತುದಿಯೊಳಗ ಅಮೋನಿಯಾ ಆವಿಯಾಗತೈತಿ, ಒಂದು ಕೆಜಿಗೆ ಸುಮಾರು 1200 ಕಿಲೋಜೂಲ್ ಶಾಖ ಹೀರ್ಕೊಂಡು, ಆ ಆವಿ ತಣ್ಣನ ತುದಿಗೆ ಓಡಿ ಅಲ್ಲಿ ದ್ರವ ಆಗಿ ಶಾಖ ಬಿಟ್ಟುಕೊಡತೈತಿ, ಆಮ್ಯಾಲ ದೀಪದ ಬತ್ತಿ ಎಣ್ಣಿ ಎಳಕೊಂಡಂಗ ಆ ಗೀರು ದ್ರವಾನ ವಾಪಸ್ ಬಿಸಿ ಕಡೆ ಎಳಕೋತಾವು. ಎರಡು ತುದಿ ನಡುವ ಟೆಂಪರೇಚರ್ ಫರಕು ಕೆಲವೇ ಡಿಗ್ರಿ.

ಖರೇ ಹೇಳಬೇಕಂದ್ರ ಅಲ್ಲಿ ಗ್ರ್ಯಾವಿಟಿ ಎಳೆತ ತಟ್ಟದಿರೂದು ಛಲೋನ ಆತು, ತ್ರಾಸ ಇರೂದು ನೆಲದ ಮ್ಯಾಲ. ಮೀಟರ್ ಉದ್ದದ ಪೈಪಿನ ಬಿಸಿ ತುದಿ ಒಂದೆರಡು ಸೆಂಟಿಮೀಟರ್ ಮ್ಯಾಲ ಎದ್ರ ಸಾಕು, ಆ ಗೀರಿಗೆ ಅಮೋನಿಯಾ ಏರಿಸೂ ಶಕ್ತಿ ಸಾಲಂಗಿಲ್ಲ, ಬಿಸಿ ತುದಿ ಒಣಗಿಬಿಡತೈತಿ. ಅದಕ್ಕ ಟೆಸ್ಟ್ ಮಾಡೋವಾಗ ಲೆವೆಲ್ ಹಚ್ಚಿ ಮಿಲಿಮೀಟರ್ ಲೆಕ್ಕದಾಗ ಅಡ್ಡ ಮಲಗಿಸ್ತಾರ. ನಮ್ಮ ಕೂಲರ್‌ನ್ಯಾಗ ಬಿಸಿ ತುದಿ ಕೆಳಗ ಇಡ್ತೀವಿ, ದ್ರವ ತಾನ ಇಳಿದು ಬರತೈತಿ, ಗಿರಾಕಿ ಉಲ್ಟಾ ಫಿಟ್ ಮಾಡಿ ಆಮ್ಯಾಲ ಕಂಪ್ಲೇಂಟ್ ಕೊಡೂದು ಬ್ಯಾರೆ ಮಾತು.

ಐಡಿಯಾ ಹಳೇದು, ಜನರಲ್ ಮೋಟರ್ಸಿನ ಗಾಗ್ಲರ್‌ಗೆ 1944ರಾಗ ಪೇಟೆಂಟ್ ಸಿಕ್ಕಿತ್ತು, ಯಾರೂ ಕೇಳಲಿಲ್ಲ. 1963ರಾಗ ಅಮೆರಿಕದ ಲಾಸ್ ಅಲಾಮೋಸ್ ಲ್ಯಾಬಿನ ಗ್ರೋವರ್ ಅದನ್ನ ಮತ್ತೊಮ್ಮೆ ಹೊಸದಾಗಿ ಮಾಡಿದ, 1968ರಾಗ ಜಿಯೋಸ್-2 ಸ್ಯಾಟಲೈಟ್‌ನ್ಯಾಗ ಹೋತು.

ಲ್ಯಾಪ್‌ಟಾಪಿನ ತಾಮ್ರದ ಪೈಪಿನ್ಯಾಗ ನೀರು ಇರತೈತಿ, ಸ್ಯಾಟಲೈಟಿನ್ಯಾಗ ನೀರು ಹಾಕಿದ್ರ ಭೂಮಿ ಅಡ್ಡ ಬಂದು ಗ್ರಹಣದ ನೆರಳು ಬಿದ್ದಾಗ ಹೆಪ್ಪುಗಟ್ಟತೈತಿ. ಅಮೋನಿಯಾ ಮೈನಸ್ 77ರ ತನಕ ತಡೀತೈತಿ. ಮತ್ತ ಅಲ್ಯುಮಿನಿಯಂ ನಳಿಗಿಗೆ ನೀರು ಹಾಕೂದಂತೂ ಬ್ಯಾಡೇ ಬ್ಯಾಡ್ರಿ, ಎರಡೂ ಕೂಡಿ ಹೈಡ್ರೋಜನ್ ಹುಟ್ಟತೈತಿ, ಆ ಗ್ಯಾಸ್ ತಣ್ಣನ ತುದಿಗೆ ಹೋಗಿ ಕುಂತು ಆವಿಗೆ ಜಾಗಾನ ಬಿಡಂಗಿಲ್ಲ.