ಹುಬ್ಬಳ್ಳಿಯಲ್ಲಿ ಅಂಗಡಿ ಲೆಕ್ಕ ಬರೆಯುತ್ತೇನೆ, ಓದಿದ್ದು ಬಿ.ಕಾಂ., ವಯಸ್ಸು 36. ಈಗ ಎಂಎಸ್‌ಡಬ್ಲ್ಯೂ ಓದಿ ಸಮಾಜಕಾರ್ಯಕ್ಕೆ ಬರಬಹುದೇ?

ಖಂಡಿತ ಬರಬಹುದು. ಎಂಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಬಿಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಪದವಿ, ಆಗಿರಲೇಬೇಕು ಅಂತಿಲ್ಲ, ಸಾಮಾನ್ಯವಾಗಿ ಬೇರೆ ಪದವಿಯವರನ್ನೂ ತೆಗೆದುಕೊಳ್ಳುತ್ತಾರೆ. ನಿಮಗೆ ಹತ್ತಿರದಲ್ಲೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗವಿದೆ.

ಈ ಓದಿನ ಜೀವಾಳ ಕ್ಷೇತ್ರಕಾರ್ಯ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಆಸ್ಪತ್ರೆ, ಶಾಲೆ, ಓಣಿಗಳಿಗೆ ಹೋಗಿ ಕೆಲಸ ಮಾಡಬೇಕು, ವರದಿ ಬರೆದು ಮೇಲ್ವಿಚಾರಕರ ಮುಂದೆ ಕೂತು ಚರ್ಚಿಸಬೇಕು. ಅದಕ್ಕೂ ಅಂಕಗಳಿವೆ. ವಿಧವಾ ವೇತನ ನಿಂತುಹೋದ ಅಜ್ಜಿಯೊಬ್ಬಳ ಮನೆಗೆ ಹೋದಿರಿ ಅನ್ನಿ. ಆಧಾರ್‌ನಲ್ಲಿ ಹೆಸರಿನ ಕೊನೆಗೆ ‘ಅವ್ವ’, ಪಾಸ್‌ಬುಕ್ಕಿನಲ್ಲಿ ‘ಅಮ್ಮ’. ಅರ್ಜಿ ತುಂಬುವುದು ಹತ್ತು ನಿಮಿಷದ ಮಾತು. ಆಕೆ ಕಾಗದಪತ್ರದ ಗಂಟು ಬಿಚ್ಚುವ ತನಕ ಸುಮ್ಮನೆ ಕೂರುವುದು, ಮಗನ ಸುದ್ದಿ ಬಂದಾಗ ದನಿ ತಗ್ಗಿದ್ದನ್ನು ಗಮನಿಸುವುದು, ಇವನ್ನು ಕಲಿಯಲು ತಿಂಗಳುಗಳೇ ಬೇಕು. ಸಂಸಾರದ ಏಳುಬೀಳು ಕಂಡವರಿಗೆ ಇದರಲ್ಲಿ ಇಪ್ಪತ್ತೆರಡರ ಹುಡುಗರಿಗಿಂತ ಅನುಕೂಲವೇ ಹೆಚ್ಚು ಅಂತ ನಾನು ನಂಬಿದ್ದೇನೆ.

ಹಗಲಿನ ನೌಕರಿ ಜೊತೆಗೆ ಇದು ಕಷ್ಟ. ಹಾಗಾಗಿ ಕೆಲಸ ಬಿಡುವ ಮೊದಲು ಒಂದೆರಡು ತಿಂಗಳು ರವಿವಾರಗಳಲ್ಲಿ ಯಾವುದಾದರೂ ಸಂಸ್ಥೆಗೆ ಹೋಗಿ ಸ್ವಯಂಸೇವೆ ಮಾಡಿ ನೋಡಿ.