ಹುಡುಗನ ಪ್ರಶ್ನೆಯಿಂದ ಶುರುಮಾಡಿ, ಟೀಚರ್

ಟೀಚರ್‌ಗೆ ನಮಸ್ಕಾರ.

ನೀವು ಕಾಪುವಿನಿಂದ ಕಳುಹಿಸಿದ ‘ದುಂಡುಹುಳುಗಳು: ವರ್ಗೀಕರಣ ಮತ್ತು ಲಕ್ಷಣಗಳು’ ಲೇಖನ ಮಂಗಳೂರಿಗೆ ಬಂದು ನನ್ನ ಮೇಜಿನ ಮೇಲೆ ಕೂತು ಮೂರು ವಾರವಾಯಿತು. ಎರಡು ಸಲ ಓದಿದೆ. ಮೊದಲ ಸಲ ಐದನೇ ಪುಟಕ್ಕೆ ಬರುವಾಗ ತೂಕಡಿಕೆ. ಎರಡನೇ ಸಲ ಹಟ ಹಿಡಿದು ಕೂತವನಿಗೆ ಹನ್ನೊಂದನೇ ಪುಟದಲ್ಲಿ ಎಚ್ಚರವಾಯಿತು. ಈಗಿರುವ ಹಾಗೆ ಇದನ್ನು ನಮ್ಮ ವಿಜ್ಞಾನ ಪುಟಕ್ಕೆ ಹಾಕಲಾರೆ. ಹಿಂದೆ ಕಳುಹಿಸಿ ಕೈತೊಳೆದುಕೊಳ್ಳಲೂ ಮನಸ್ಸಿಲ್ಲ. ಅದಕ್ಕೆ ಕಾರಣ ಆ ಹನ್ನೊಂದನೇ ಪುಟ.

ಅಲ್ಲಿ ಫೆಬ್ರವರಿ 10. ಜಂತುಹುಳು ನಿವಾರಣಾ ದಿನ. ನೀವು ತರಗತಿಯಲ್ಲಿ 400 ಮಿಲಿಗ್ರಾಂನ ಆಲ್ಬೆಂಡಝೋಲ್ ಮಾತ್ರೆ ಹಂಚುತ್ತಿದ್ದೀರಿ. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರೆ ಜಗಿಯುತ್ತ, “ಟೀಚರ್, ಹುಳ ಸತ್ತ ಮೇಲೆ ಹೊಟ್ಟೆಯೊಳಗೇ ಇರ್ತದಾ?” ಅಂತ ಕೇಳುತ್ತಾನೆ. ನೀವೋ, ಉತ್ತರವನ್ನೇ ಬರೆಯದೆ, ಮುಂದಿನ ಸಾಲಿನಲ್ಲಿ ‘ಇವು ಏಕಲಿಂಗಿಗಳಾಗಿದ್ದು’ ಎಂದು ಹೊರಟೇಬಿಟ್ಟಿದ್ದೀರಿ. ಮಾರಾಯ್ರೆ, ಅವನಿಗೆ ಉತ್ತರ ಬೇಡವಾ? ಆ ಮಾತ್ರೆ ಹುಳುವಿನ ಜೀವಕೋಶಗಳ ಟ್ಯುಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹುಳುವಿಗೆ ಸಕ್ಕರೆ ಹೀರಿಕೊಳ್ಳಲಾಗುವುದಿಲ್ಲ. ಸೊರಗಿ, ಮಲದ ಜತೆ ಹೊರಗೆ ಬೀಳುತ್ತದೆ. ಇಷ್ಟು ಹೇಳಿದರೆ ಸಾಕಿತ್ತು, ಓದುಗ ನಿಮ್ಮ ಕೈ ಹಿಡಿದು ಕೊನೆಯವರೆಗೂ ಬರುತ್ತಿದ್ದ. ಲೇಖನ ಅಲ್ಲಿಂದ ಶುರುವಾಗಲಿ. ಮೊದಲ ಹತ್ತು ಪುಟ ನೀವು ಓದಿದ್ದೀರಿ ಎನ್ನುವುದಕ್ಕೆ ಸಾಕ್ಷಿ, ಅಷ್ಟೆ.

ಇನ್ನು ತಪ್ಪುಗಳು. ಒಂದು ಶಬ್ದದ ಬಗ್ಗೆ ನನಗೆ ಸಿಟ್ಟೇ ಬಂತು. ಆರು ಕಡೆ ‘ದುಂಡುಹುಳು’ ಎಂದಿದ್ದೀರಿ, ನಾಲ್ಕು ಕಡೆ ‘ದುಂಡಾಣು’. ನಮ್ಮ ಕೃಷಿ ಕರಪತ್ರಗಳಲ್ಲಿ ದುಂಡಾಣು ಎಂದರೆ ಬ್ಯಾಕ್ಟೀರಿಯಾ. ಬದನೆ ಗಿಡಕ್ಕೆ ದುಂಡಾಣು ಸೊರಗು ರೋಗವೂ ಬರುತ್ತದೆ, ಬೇರುಗಂಟು ಜಂತುಹುಳುವಿನ ಬಾಧೆಯೂ ಬರುತ್ತದೆ. ಹುಳು ಮಾಡಿದ ಗಾಯ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದುಕೊಡುವುದೂ ಉಂಟು. ನಿಮ್ಮ ಲೇಖನ ನಂಬಿ ಯಾರಾದರೂ ಒಂದಕ್ಕೆ ಇನ್ನೊಂದರ ಔಷಧಿ ಹಾಕಿದರೆ? ‘ಜಂತುಹುಳು’ ಎಂಬ ಮಾತೂ ಜಾರುವಂಥದ್ದೇ. ಕೃಷಿಯವರಿಗೆ ಅದು ನೆಮಟೋಡ್, ಅಂದರೆ ಈ ದುಂಡುಹುಳುವೇ; ಮನೆಯವರಿಗೆ ಹೊಟ್ಟೆಯಲ್ಲಿರುವ ಯಾವ ಹುಳುವೂ ಆದೀತು, ಲಾಡಿಹುಳು ಸಮೇತ. ಲಾಡಿಹುಳು ಚಪ್ಪಟೆ ಹುಳುಗಳ ಪೈಕಿ. ಒಂದು ಹೆಸರು ಆರಿಸಿಕೊಳ್ಳಿ, ಕೊನೆಯವರೆಗೂ ಅದನ್ನೇ ಬಳಸಿ.

‘ಎರೆಹುಳು ಮುಂತಾದ ದುಂಡುಹುಳುಗಳು’ ಎಂದೂ ಒಂದು ಕಡೆ ಬರೆದಿದ್ದೀರಿ. ಎರೆಹುಳು ವಲಯವಂತ, ಮೈತುಂಬ ಉಂಗುರ. ದುಂಡುಹುಳುವಿನ ಮೈಯಲ್ಲಿ ಅಂಥ ಖಂಡಗಳೇ ಇಲ್ಲ. ಸಮಾಧಾನಕ್ಕೆ ಒಂದು ಮಾತು: 1758ರಲ್ಲಿ ಲಿನ್ನೇಯಸ್ ನಮ್ಮ ಕರುಳಿನ ಹುಳುವಿಗೆ ಆಸ್ಕಾರಿಸ್ ಲುಂಬ್ರಿಕಾಯ್ಡಿಸ್ ಎಂದು ಹೆಸರಿಟ್ಟ. ಲುಂಬ್ರಿಕಾಯ್ಡಿಸ್ ಎಂದರೆ ಎರೆಹುಳುವಿನ ಹಾಗಿರುವುದು. ಹೋಲಿಕೆ ಕಣ್ಣಿಗೆ ಮಾತ್ರ.

ಈಗ ನಿಮ್ಮ ಹದಿನಾರು ಲಕ್ಷಣಗಳ ಪಟ್ಟಿಗೆ ಬರೋಣ. ಒಂದೊಂದೂ ಸರಿ, ಸಾಲಾಗಿ ನಿಲ್ಲಿಸಿದರೆ ಸತ್ತ ಬಂಗುಡೆಯ ಹಾಗೆ. ಅವುಗಳಲ್ಲಿ ಹಲವು ಒಂದೇ ಸಂಗತಿಯ ಮಕ್ಕಳು ಎಂದು ನಿಮಗೆ ಹೊಳೆಯಲಿಲ್ಲವಾ? ಹೊರಗೆ ಕೊಲಾಜೆನ್ ಎಂಬ ಪ್ರೋಟೀನಿನಿಂದಾದ ಗಟ್ಟಿ ಪೊರೆ, ಒಳಗೆ ಒತ್ತಡದಲ್ಲಿರುವ ದ್ರವ. ಗಾಳಿ ತುಂಬಿದ ಸೈಕಲ್ ಟ್ಯೂಬ್ ನೆನಪಿಸಿಕೊಳ್ಳಿ. ಅದಕ್ಕೇ ಈ ಹುಳು ದುಂಡಗೆ, ಎಲುಬಿಲ್ಲದೆಯೂ ಬಿಗಿ. ಸ್ನಾಯುಗಳು ಉದ್ದಕ್ಕೆ ಮಾತ್ರ ಇವೆ, ಉಂಗುರ ಸ್ನಾಯು ಇಲ್ಲ. ಆದ್ದರಿಂದ ಎರೆಹುಳುವಿನ ಹಾಗೆ ಹಿಗ್ಗಿ ಕುಗ್ಗಿ ತೆವಳಲು ಬಾರದು. ಒಂದು ಬದಿಯ ಸ್ನಾಯು ಎಳೆದಾಗ ಒಳಗಿನ ದ್ರವ ಮತ್ತು ಪೊರೆ ಎದುರು ಒತ್ತುತ್ತವೆ, ಹುಳು ಬಳುಕುತ್ತದೆ. ಅದೇ ಒತ್ತಡ ಕರುಳನ್ನೂ ಅಮುಕುವುದರಿಂದ ಆಹಾರ ತಾನಾಗಿ ಒಳಗೆ ಇಳಿಯದು, ಗಂಟಲೇ ಪಂಪಿನ ಹಾಗೆ ಬಡಿದು ನೂಕಬೇಕು. ಹೃದಯವಿಲ್ಲ, ಕಿವಿರಿಲ್ಲ, ಶ್ವಾಸಕೋಶವಿಲ್ಲ. ಮರಿಯಿಂದ ಪ್ರೌಢವಾಗುವಷ್ಟರಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ನಿಮ್ಮ 3, 4, 7, 8, 9, 12 ಎಲ್ಲವೂ ಇದರೊಳಗೆ ಬಂತು.

ವರ್ಗೀಕರಣವೂ ಇಲ್ಲಿಂದಲೇ ಹೊರಡಬಹುದು. ನೀವು ಪಿಯುಸಿ ಪುಸ್ತಕದ ‘ಆಸ್ಕೆಲ್ಮಿಂಥಿಸ್’ ವಂಶವನ್ನೇ ಕೊನೆಯ ಮಾತು ಎಂಬಂತೆ ಎತ್ತಿಟ್ಟಿದ್ದೀರಿ. ಮಕ್ಕಳಿಗೆ ಪರೀಕ್ಷೆ ಉಂಟು, ಪತ್ರಿಕೆ ಓದುವವರಿಗೆ ಇಲ್ಲ. ಹುಸಿ ದೇಹಾವಕಾಶ (ಮೈಗೋಡೆಗೂ ಕರುಳಿಗೂ ನಡುವೆ ಪೂರ್ತಿ ಒಳಪದರವಿಲ್ಲದ ಟೊಳ್ಳು) ಇದ್ದ ಹಲವು ಬಗೆಯ ಪ್ರಾಣಿಗಳನ್ನು ಕಟ್ಟಿಟ್ಟ ಹಳೆಯ ಗಂಟು ಅದು. ಗಂಟು ಬಿಚ್ಚಿದ ಮೇಲೆ ನೆಮಟೋಡಾ ತಾನೇ ಒಂದು ವಂಶ. ಅದರೊಳಗೆ ಮೊದಲು ಬಾಲದ ಬಳಿ ಫಾಸ್ಮಿಡ್ ಎಂಬ ಒಂದು ಜೋಡಿ ಸಂವೇದನಾಂಗ ಇದೆಯೋ ಇಲ್ಲವೋ ಎಂದು ನೋಡಿ ಎರಡು ಪಾಲು ಮಾಡುತ್ತಿದ್ದರು. ನೀವು ಹೇಳುವ ಸೆಸರ್ನೆಂಟಿಯಾ, ಅಡಿನೊಫೋರಿಯಾ ಎಂಬ ಎರಡು ಪಾಲು ಆ ಕಾಲದವು. 1998ರಲ್ಲಿ ಡಿಎನ್ಎ ಹೋಲಿಸಿ ಬಿಡಿಸಿದ ವಂಶವೃಕ್ಷದಲ್ಲಿ ಐದು ದೊಡ್ಡ ಕವಲುಗಳು ಕಂಡವು. ಪರಾವಲಂಬನೆ ಒಂದೇ ಸಲ ಹುಟ್ಟಿದ್ದಲ್ಲ, ಬೇರೆ ಬೇರೆ ಕವಲುಗಳಲ್ಲಿ ಮತ್ತೆ ಮತ್ತೆ ಹುಟ್ಟಿದ್ದು ಎಂದೂ ಗೊತ್ತಾಯಿತು. ‘ದುಂಡುಹುಳುಗಳೆಲ್ಲ ಪರಾವಲಂಬಿಗಳು’ ಎಂಬ ನಿಮ್ಮ ಎರಡನೇ ವಾಕ್ಯವನ್ನು ಹೊಡೆದುಹಾಕಿ. ಮಣ್ಣಿನಲ್ಲಿ, ಕಡಲ ತಳದ ಕೆಸರಿನಲ್ಲಿ ಯಾರ ಹಂಗೂ ಇಲ್ಲದೆ ಬದುಕುವವು ಲೆಕ್ಕವಿಲ್ಲದಷ್ಟಿವೆ.

ಅದಕ್ಕೂ ಒಂದು ವರ್ಷ ಮೊದಲು, 1997ರಲ್ಲಿ, ಪೊರೆ ಕಳಚುವ ಪ್ರಾಣಿಗಳೆಲ್ಲ ಒಂದೇ ದೊಡ್ಡ ಬಳಗ ಎಂಬ ವಾದ ಬಂತು. ಈಗ ಅದನ್ನು ಹೆಚ್ಚಿನವರು ಒಪ್ಪಿದ್ದಾರೆ. ದುಂಡುಹುಳುವಿಗೆ ಎರೆಹುಳುವಿಗಿಂತ ಮಲ್ಪೆಯ ಏಡಿ ಹತ್ತಿರದ ಸಂಬಂಧಿ! ಏಡಿಯೂ ಚಿಪ್ಪು ಕಳಚುತ್ತದಲ್ಲ. ಈ ಒಂದು ಸಾಲಿಗೆ ನಮ್ಮ ಓದುಗರು ಚಹಾ ಲೋಟ ಕೆಳಗಿಟ್ಟು ಪಕ್ಕದವರನ್ನು ಕರೆದಾರು. ನೀವು ಅದನ್ನು ಬರೆದೇ ಇಲ್ಲ.

ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ದುಂಡುಹುಳುವಿಗೆ ಕೊಟ್ಟದ್ದು ಒಂದೇ ಸಾಲು: ‘ಆನೆಕಾಲು ರೋಗ ಉಂಟುಮಾಡುತ್ತದೆ’. ಕರಾವಳಿಯಲ್ಲಿ ಕೂತು ಹೀಗೆ ಬರೆಯುವುದಾ? ನಾನು ಸಣ್ಣವನಿದ್ದಾಗ ರಾತ್ರಿ ಊಟದ ಹೊತ್ತಿಗೆ ಆರೋಗ್ಯ ಸಿಬ್ಬಂದಿ ಟಾರ್ಚ್ ಹಿಡಿದು ಬಂದು ಬೆರಳಿಗೆ ಚುಚ್ಚಿ ರಕ್ತ ತೆಗೆಯುತ್ತಿದ್ದರು. ಹಗಲು ಬರಬಾರದಾ ಎಂದು ಅಜ್ಜಿ ಬೈಯುತ್ತಿದ್ದರು. ಹಗಲು ಬಂದರೆ ಏನೂ ಸಿಗುತ್ತಿರಲಿಲ್ಲ. ಈ ಹುಳುವಿನ ಮರಿಗಳು ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ರಾತ್ರಿ ಹೊತ್ತಿಗೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಈ ಹೊತ್ತುಗೊತ್ತನ್ನು ಬರೆಯಿರಿ.

ಆಸ್ಕಾರಿಸ್‌ನ ಹೆಣ್ಣು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ ಎಂದದ್ದು ಸರಿ. ಬೆಲ್ಲ ತಿಂದರೆ ಹುಳ ಆಗುತ್ತದೆ ಎಂಬ ಅಮ್ಮಂದಿರ ಮಾತನ್ನು ಮಾತ್ರ ಹಾಗೇ ಬಿಟ್ಟಿದ್ದೀರಿ. ಮೊಟ್ಟೆ ಮಣ್ಣಿನಲ್ಲಿ ಎರಡು ಮೂರು ವಾರ ಬಲಿತು ಕೈಯಿಂದ, ತೊಳೆಯದ ಸೊಪ್ಪಿನಿಂದ ಬಾಯಿಗೆ ಬರುತ್ತದೆ. ಪಾಪ, ಬೆಲ್ಲ ಏನು ಮಾಡಿತು?

ಕೊನೆಗೆ, ಹದಿಮೂರನೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು ಅರ್ಧ ಅಳಿಸಿದ ಒಂದು ಸಾಲಿದೆ: ‘ನಮ್ಮ ಮಟ್ಟು ಗುಳ್ಳದ ಬೇರಲ್ಲೂ ಗಂಟು’. ಅಳಿಸಿದ್ದು ಯಾಕೆ? ಉಡುಪಿ ಮಠದ ಪರ್ಯಾಯಕ್ಕೆ ಹೊರೆಕಾಣಿಕೆಯಾಗಿ ಹೋಗುವ ಬದನೆ, ನಿಮ್ಮ ಅಮ್ಮನ ಗದ್ದೆ, ಬೇರಿನಲ್ಲಿ ಮೆಲಾಯ್ಡೊಗೈನೆ ಎಂಬ ಬೇರುಗಂಟು ಹುಳು. ಅಲಸಂಡೆ ಬೇರಿನ ಸಹಜ ಗಂಟನ್ನು ಉಗುರಿನಿಂದ ಕೆರೆದರೆ ಕಳಚಿಬರುತ್ತದೆ, ಹುಳುವಿನ ಗಂಟು ಬರುವುದಿಲ್ಲ, ಅಲ್ಲಿ ಬೇರೇ ಊದಿಕೊಂಡಿರುತ್ತದೆ. ಈ ವ್ಯತ್ಯಾಸ ನಿಮ್ಮ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಗದ್ದೆ ಬದುವಿನಲ್ಲಿ ಗೊಂಡೆ ಹೂವು ಯಾಕೆ ಹಾಕುತ್ತಾರೆ ಎಂದೂ ಅವರನ್ನೇ ಕೇಳಿ, ಅವರ ಮಾತಿನಲ್ಲೇ ಬರೆಯಿರಿ, ಹುಳುವಿಗೆ ತುಳುವಿನಲ್ಲಿ ‘ಪುರಿ’ ಎಂದರೆ ಪುರಿ ಎಂದೇ ಇರಲಿ.

ಹದಿನಾಲ್ಕು ಪುಟ ಬೇಡ, ಐದು ಸಾಕು. ಇಂಟರ್ನೆಟ್ಟಿನಿಂದ ತೆಗೆದ ಚಿತ್ರಗಳನ್ನು ವಾಪಸ್ ಇಟ್ಟಿದ್ದೇನೆ. ಗುಳ್ಳದ ಒಂದು ಗಿಡ ಕಿತ್ತು, ಬೇರು ತೊಳೆದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಮೊಬೈಲಿನಲ್ಲೇ ಫೋಟೊ ತೆಗೆಯಿರಿ. ಮಳೆ ಶುರುವಾಗುವ ಮೊದಲು ಕಳುಹಿಸಿದರೆ ಜೂನ್ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ